ಟಿಕ್ ಬಿದ್ದದ್ದು ಎಂತಕ್ಕೆ? ಮೂಡಲ್‌ನಲ್ಲಿ ಕೋರ್ಸ್ ಕಂಪ್ಲೀಶನ್, ನನ್ನ ಅನುಭವ

"ಮಾಷ್ಟ್ರೇ, ನಂದು ಎಲ್ಲ ಆಯ್ತು, ಮತ್ತೆ ಯಾಕೆ 96 ಪರ್ಸೆಂಟ್ ಅಂತ ತೋರಿಸ್ತದೆ?" ಪೆರ್ಲ ಕಡೆಯ ಒಬ್ರು ಅಕ್ಕ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಕೇಳಿದ್ದು. 2020ರ ಮಳೆಗಾಲ, ಶಾಲೆಗೆ ಬೀಗ, ನಾನು ಮನೆಯಲ್ಲೇ ಕೂತು ಒಂದು ಸಣ್ಣ ಕೋರ್ಸ್ ಮಾಡಿದ್ದೆ, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಮಲಯಾಳ ಓದ್ಲಿಕ್ಕೆ ಬರೀಲಿಕ್ಕೆ ಕಲಿಸುವುದು. ನಮ್ಮ ಕಡೆ ಇದರ ಅಗತ್ಯ ಎಷ್ಟು ಅಂತ ಕಾಸರಗೋಡಿನವರಿಗೆ ಹೇಳ್ಬೇಕಂತಿಲ್ಲ. ಮಲಯಾಳ ಮಾತಾಡ್ಲಿಕ್ಕೆ ಎಲ್ಲರಿಗೂ ಬರ್ತದೆ, ಆದ್ರೆ ಒಂದು ಫಾರ್ಮ್ ಕೈಗೆ ಕೊಟ್ರೆ ಪಕ್ಕದವರ ಮುಖ ನೋಡ್ಬೇಕು. ಆ ಅಕ್ಕನೂ ಹಾಗೇ, ಮಗಳ ಕಾಗದಪತ್ರ ತಾನೇ ತುಂಬಿಸ್ಬೇಕು ಅಂತ ಹಠ ಹಿಡಿದು ಸೇರಿದವರು.

ಕೋರ್ಸ್ ಹಾಕಿದ್ದು ಮೂಡಲ್‌ನಲ್ಲಿ, 3.9 ವರ್ಷನ್. ಆನ್‌ಲೈನಲ್ಲಿ ಕೋರ್ಸ್ ನಡೆಸುವ ಫ್ರೀ ಸಾಫ್ಟ್‌ವೇರ್ ಅದು, ಯಾರು ಬೇಕಾದ್ರೂ ಇಳಿಸಿ ತಮ್ಮ ಸರ್ವರಿಗೆ ಹಾಕ್ಕೊಳ್ಬಹುದು, ನಾನು ಕಡಿಮೆ ರೇಟಿನ ಹೋಸ್ಟಿಂಗ್ ಒಂದರಲ್ಲಿ ಜಾಗ ಬಾಡಿಗೆಗೆ ತಗೊಂಡಿದ್ದೆ. 41 ಜನ ಸೇರಿದ್ರು, ಕೋರ್ಸಲ್ಲಿ ಒಟ್ಟು 25 ಐಟಂ: ಪಾಠದ ಪೇಜ್, ಬರೆದು ಅಭ್ಯಾಸ ಮಾಡುವ ಪೇಜ್, ಕ್ವಿಜ್, ಮತ್ತೆ ದನಿ ರೆಕಾರ್ಡ್ ಮಾಡಿ ಕಳಿಸುವ ಅಸೈನ್‌ಮೆಂಟ್.

ಕಂಪ್ಲೀಶನ್ ಟ್ರ್ಯಾಕಿಂಗ್, ಅಂದ್ರೆ ಯಾರು ಎಂತ ಮುಗಿಸಿದ್ರು ಅಂತ ಲೆಕ್ಕ ಇಡುವುದು, ಒಂದು ಸ್ವಿಚ್ ಅಂತ ನಾನು ತಿಳ್ಕೊಂಡಿದ್ದೆ, ಹಾಗಲ್ಲ. ಇಡೀ ಸೈಟಿಗೆ ಒಂದು ಸೆಟ್ಟಿಂಗ್ ಉಂಟು, ಕೋರ್ಸಿಗೆ ಒಂದು, ಆಮೇಲೆ ಒಂದೊಂದು ಐಟಂಗೂ ಬೇರೆ ಬೇರೆ. ಐಟಂನಲ್ಲಿ ಮೂರು ದಾರಿ: ಟ್ರ್ಯಾಕ್ ಮಾಡುವುದೇ ಬೇಡ ಅನ್ನಬಹುದು, ಕಲಿಯುವವರೇ ಕೈಯಾರೆ ಟಿಕ್ ಹಾಕ್ಲಿ ಅನ್ನಬಹುದು, ಇಲ್ಲ ನಾವು ಹಾಕಿದ ಕಂಡೀಶನ್ ಪೂರ್ತಿ ಆದಾಗ ತನ್ನಿಂತಾನೇ ಟಿಕ್ ಬೀಳ್ಲಿ ಅನ್ನಬಹುದು. ಇಷ್ಟೆಲ್ಲ ಮಾಡಿದ್ರೂ ಕೋರ್ಸ್ ಮುಗಿಯುವುದಿಲ್ಲ, ಕೋರ್ಸ್ ಕಂಪ್ಲೀಶನ್ ಅಂತ ಇನ್ನೊಂದು ಪೇಜ್ ಉಂಟು, ಅಲ್ಲಿ ಹೋಗಿ ಯಾವ್ಯಾವ ಟಿಕ್ ಬಿದ್ರೆ ಇಡೀ ಕೋರ್ಸ್ ಮುಗಿದ ಹಾಗೆ, ಎಲ್ಲವೂ ಬೇಕಾ ಯಾವುದಾದ್ರೂ ಒಂದು ಸಾಕಾ, ಒಟ್ಟು ಮಾರ್ಕ್ ಎಷ್ಟು ಬೇಕು, ಅದನ್ನು ಹೇಳ್ಬೇಕು. ಡ್ಯಾಶ್‌ಬೋರ್ಡಿನ ಪರ್ಸೆಂಟ್ ಲೆಕ್ಕ ಹಾಕುವುದು ಐಟಂಗಳ ಟಿಕ್ ನೋಡಿ, ಕೋರ್ಸ್ ಮುಗೀತು ಅನ್ನುವುದು ಈ ಪೇಜಿನ ಷರತ್ತು ನೋಡಿ. ಹಾಗಾಗಿ ಒಬ್ರಿಗೆ ನೂರು ಪರ್ಸೆಂಟ್ ಆದ್ರೂ ಕೋರ್ಸ್ ಮುಗಿಯದೆ ಇರ್ಬಹುದು.

ಅಕ್ಕನ ವಿಷಯ ಸಣ್ಣದಿತ್ತು. 25ರಲ್ಲಿ 24 ಆಗಿದೆ. ಬಾಕಿ ಉಳಿದದ್ದು ಒಂದು ಬರವಣಿಗೆಯ ಪೇಜ್, ಚಿಲ್ಲಕ್ಷರ (ಸ್ವರ ಸೇರದ ಕೆಲವು ವ್ಯಂಜನಕ್ಕೆ ಮಲಯಾಳದಲ್ಲಿರುವ ಬೇರೆ ಅಕ್ಷರ) ಬರೆಯುವುದು. ಅವರು ನೋಟ್ ಪುಸ್ತಕದಲ್ಲಿ ನಾಲ್ಕು ಪುಟ ಬರೆದು ಫೋಟೋ ತೆಗೆದು ವಾಟ್ಸಾಪಲ್ಲಿ ನನಗೇ ಕಳಿಸಿದ್ರು, ಆದ್ರೆ ಪೇಜಿನ ಹೆಸರಿನ ಬಲಗಡೆ ಇರುವ ಆ ಸಣ್ಣ ಚೌಕ ಮುಟ್ಟಿರ್ಲಿಲ್ಲ. ಆ ವರ್ಷನ್‌ನಲ್ಲಿ ಕೈಯಾರೆ ಹಾಕುವ ಚೌಕಕ್ಕೆ ಗೆರೆ ಪೂರ್ತಿ ಇರ್ತದೆ, ತನ್ನಿಂತಾನೇ ಬೀಳುವುದಕ್ಕೆ ತುಂಡು ತುಂಡು ಗೆರೆ. ನನಗೇ ಕನ್ನಡಕ ಹಾಕಿದ್ರೆ ಮಾತ್ರ ವ್ಯತ್ಯಾಸ ಕಾಣುವುದು, ಅವರು ಫೋನಲ್ಲಿ ನೋಡುವವರು! (3.11ರಿಂದ ಅದು ಬಟನ್ ಆಗಿದೆ, ದೊಡ್ಡ ಉಪಕಾರ ಆಯ್ತು.)

ಇಲ್ಲಿ ನಾನು ಮಾಡಿದ್ದೇ ತಪ್ಪು. ಚೌಕ ಯಾರಿಗೂ ಕಾಣುವುದಿಲ್ಲ ಅಂತಾದ್ರೆ ಆ ಪೇಜನ್ನು 'ತೆರೆದ್ರೆ ಸಾಕು' ಅಂತ ಬದಲಾಯಿಸುವ ಅಂತ ಸೆಟ್ಟಿಂಗಿಗೆ ಹೋದೆ. ಅದು ಲಾಕ್ ಆಗಿತ್ತು, ಅನ್‌ಲಾಕ್ ಮಾಡಿದ್ರೆ ಈಗಾಗ್ಲೇ ಮುಗಿಸಿದವರ ದಾಖಲೆ ಅಳಿಸಿ ಹೋಗ್ತದೆ ಅಂತ ಸರಿಯಾಗಿ ಬರೆದೂ ಇತ್ತು. ಗಡಿಬಿಡಿಯಲ್ಲಿ ಓದದೆ ಒತ್ತಿಬಿಟ್ಟೆ. 23 ಜನರ ಟಿಕ್ ಒಮ್ಮೆಲೇ ಹೋಯ್ತು. ಮಾರ್ಕ್ ಇರುವ ಐಟಂ ಆಗಿದ್ರೆ ಮೂಡಲ್ ಮಾರ್ಕ್ ನೋಡಿ ಪುನಃ ಲೆಕ್ಕ ಹಾಕ್ತದೆ, ಆದ್ರೆ ಕೈಯಾರೆ ಹಾಕಿದ ಟಿಕ್ ವಾಪಸ್ ಬರುವುದಿಲ್ಲ, ಹಿಂದೆ ಪೇಜ್ ತೆರೆದದ್ದೂ ಲೆಕ್ಕಕ್ಕಿಲ್ಲ. ಮರುದಿನ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್, ಒಬ್ರು ಹುಡುಗ ಅಂತೂ ಅಳುವ ದನಿಯಲ್ಲಿ "ನಾನು ನಿಜವಾಗ್ಲೂ ಮಾಡಿದ್ದೆ ಮಾಷ್ಟ್ರೇ" ಅಂದ. ಅವನು ಸುಳ್ಳು ಹೇಳಿದ್ದಲ್ಲ, ಅಳಿಸಿದ್ದು ನಾನು, ಅದು ನನಗೆ ತುಂಬ ಬೇಜಾರಾಯ್ತು.

ಸರಿ ಮಾಡಿದ್ದು ಹೀಗೆ. ಆಕ್ಟಿವಿಟಿ ಕಂಪ್ಲೀಶನ್ ರಿಪೋರ್ಟ್ ಅಂತ ಉಂಟು, ಎಡಗಡೆ ಹೆಸರು, ಮೇಲೆ ಸಾಲಾಗಿ ಐಟಂ, ನಡುವೆ ಚೌಕಗಳು, ನಮ್ಮ ಹಾಜರಿ ಪುಸ್ತಕದ ಹಾಗೇ. ಟೀಚರಿಗೆ ಅಲ್ಲಿ ಚೌಕ ಒತ್ತಿ ಇದು ಮುಗಿದಿದೆ ಅಂತ ತಾನೇ ಹಾಕ್ಲಿಕ್ಕಾಗ್ತದೆ. ವಾಟ್ಸಾಪಿಗೆ ಬಂದ ನೋಟ್ ಪುಸ್ತಕದ ಫೋಟೋಗಳನ್ನು ಒಂದೊಂದಾಗಿ ತೆಗೆದು, ಹೆಸರು ತಾಳೆ ನೋಡಿ, 23 ಜನರಿಗೂ ಒತ್ತಿದೆ. ಎರಡು ಗಂಟೆ ಹಿಡೀತು, ನಡುವೆ ಕರೆಂಟ್ ಬೇರೆ ಹೋಯ್ತು. ಅವತ್ತಿನಿಂದ ಕೋರ್ಸ್ ಶುರುವಾದ ಮೇಲೆ ಕಂಡೀಶನ್ ಮುಟ್ಟುವುದೇ ಇಲ್ಲ, ಬದಲಾವಣೆ ಬೇಕಿದ್ರೆ ಮುಂದಿನ ಬ್ಯಾಚಿಗೆ ಕೋರ್ಸ್ ಕಾಪಿ ಮಾಡಿ ಅದರಲ್ಲಿ ಮಾಡ್ತೇನೆ.

ಕ್ರಾನ್, ಅಂದ್ರೆ ಸರ್ವರಲ್ಲಿ ಇಷ್ಟಿಷ್ಟು ಹೊತ್ತಿಗೆ ತನ್ನಿಂತಾನೇ ಓಡುವ ಕೆಲಸ, ಅದರ ವಿಷಯವೂ ಹೇಳ್ಬೇಕು. ಇಬ್ರಿಗೆ 25ಕ್ಕೆ 25 ಆಗಿದೆ, ಮಾರ್ಕೂ ಉಂಟು, ಆದ್ರೆ ಕೋರ್ಸ್ ಮುಗೀತು ಅಂತ ಬರುವುದಿಲ್ಲ. ಐಟಂನ ಟಿಕ್ ಆಗಿಂದಾಗ್ಲೇ ಬೀಳ್ತದೆ, ಆದ್ರೆ 3.9ರಲ್ಲಿ ಇಡೀ ಕೋರ್ಸಿನ ಲೆಕ್ಕ ಹಾಕುವುದು ಹಿಂದುಗಡೆ ಓಡುವ ಕ್ರಾನ್, ನಾನು ಅದನ್ನು ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಹಾಕಿರ್ಲೇ ಇಲ್ಲ. ನಿಮಿಷಕ್ಕೊಮ್ಮೆ ಓಡಿಸಿ ಅಂತ ಮೂಡಲಿನವರು ಹೇಳ್ತಾರೆ, ನನ್ನ ಹೋಸ್ಟಿಂಗಲ್ಲಿ ಐದು ನಿಮಿಷಕ್ಕೊಮ್ಮೆ ಮಾತ್ರ ಬಿಡ್ತಿದ್ರು, ಅಷ್ಟೇ ಹಾಕಿದೆ, ಚಾ ಕುಡಿದು ಬರುವಷ್ಟರಲ್ಲಿ ಇಬ್ಬರದ್ದೂ ಮುಗಿದಿತ್ತು.

ಆದ್ರೆ ನನ್ನ ತಲೆ ತಿಂದದ್ದು ಇದ್ಯಾವುದೂ ಅಲ್ಲ, ಟಿಕ್ ಬಿದ್ದವರು ಕಲ್ತಿದ್ದಾರಾ ಅನ್ನುವುದು. ಕ್ವಿಜ್‌ಗೆ ನಾನು 'ಮಾರ್ಕ್ ಸಿಕ್ಕಿದ್ರೆ ಮುಗೀತು' ಅಂತ ಇಟ್ಟಿದ್ದೆ. ಪಾಸ್ ಮಾರ್ಕ್ ಹಾಕದೆ ಬಿಟ್ರೆ ಹತ್ತರಲ್ಲಿ ಎರಡು ಬಂದ್ರೂ ಅದು ಮಾರ್ಕೇ, ಟಿಕ್ ಬೀಳ್ತದೆ. ಮೊದ್ಲು ಪಾಸ್ ಮಾರ್ಕ್ ಹಾಕಿ ಆಮೇಲೆ 'ಪಾಸ್ ಆಗ್ಬೇಕು' ಅನ್ನುವುದನ್ನು ಆರಿಸ್ಬೇಕು. ಅದರ ಕೆಳಗೆ 'ಅಥವಾ ಇರುವ ಎಲ್ಲ ಚಾನ್ಸ್ ಮುಗಿದ್ರೆ' ಅಂತ ಇನ್ನೊಂದು ಉಂಟು, ಅದನ್ನು ಹಾಕಿದ್ರೆ ಮೂರು ಸಲ ಫೇಲ್ ಆದವರಿಗೂ ಟಿಕ್. ಈಗ ನಾನು ಅದನ್ನು ತೆಗೆದು, ಎಷ್ಟು ಸಲ ಬೇಕಾದ್ರೂ ಬರೀಲಿ ಅಂತ ಬಿಟ್ಟಿದ್ದೇನೆ.

ದನಿಯ ಅಸೈನ್‌ಮೆಂಟ್ ಇನ್ನೂ ಮುಖ್ಯ. ಮೞ ಅಂತ ಹೇಳ್ಬೇಕು, ಮಳೆ ಅಂತ ಅರ್ಥ. ಹಳಗನ್ನಡದಲ್ಲಿ ನಮ್ಮದೂ ಮೞೆಯೇ, ಆ ೞ ನಮ್ಮ ಬಾಯಿಂದ ಹೋಯ್ತು, ಮಲಯಾಳದವರು ಉಳಿಸ್ಕೊಂಡ್ರು. ಇದನ್ನು ಹೇಳಿದ್ರೆ ಕಲಿಯುವವರಿಗೆ ಖುಷಿಯಾಗ್ತದೆ, ಪರರ ಅಕ್ಷರ ಅಲ್ಲ ಅಂತ ಅನಿಸ್ತದೆ. ಕಂಡೀಶನ್ 'ಸಬ್‌ಮಿಟ್ ಮಾಡಿದ್ರೆ ಸಾಕು' ಅಂತಿತ್ತು. ಒಬ್ರ ಫೈಲ್ ಕೇಳ್ತೇನೆ, ತಗಡಿನ ಮಾಡಿಗೆ ಮಳೆ ಬಡಿಯುವ ಶಬ್ದ ಮಾತ್ರ, ಮಾತೇ ಇಲ್ಲ, ಆದ್ರೂ ಟಿಕ್ ಬಿದ್ದಿದೆ. ಫೈಲ್ ಬಂತಾ ಅಂತ ಮಾತ್ರ ಅದು ನೋಡ್ತದೆ, ಒಳಗೆ ಎಂತ ಉಂಟು ಅಂತಲ್ಲ. ಈಗ ನಾನು ಕೇಳಿ ಮಾರ್ಕ್ ಹಾಕಿದ್ರೆ ಮಾತ್ರ ಟಿಕ್. ಇದರಲ್ಲಿ ಒಂದು ಕಷ್ಟ ಉಂಟು, ನಾನು ತಡ ಮಾಡಿದ್ರೆ ಅವರ ಪರ್ಸೆಂಟ್ ಅಲ್ಲೇ ನಿಲ್ತದೆ, ತಮ್ಮದೇ ಎಂತೋ ತಪ್ಪಾಯ್ತು ಅಂತ ಅವರು ಹೆದರ್ತಾರೆ. ಹಾಗಾಗಿ ಎರಡು ದಿನದ ಒಳಗೆ ಕೇಳ್ತೇನೆ ಅಂತ ಅಸೈನ್‌ಮೆಂಟಲ್ಲೇ ಬರೆದಿದ್ದೇನೆ.

ಈಗಿನ ಬ್ಯಾಚಿನದ್ದು ಒಂಬತ್ತು ರೆಕಾರ್ಡಿಂಗ್ ಬಂದು ಕೂತಿದೆ, ಊಟ ಆದ ಮೇಲೆ ಹೆಡ್‌ಫೋನ್ ಹಾಕಿ ಕೇಳ್ಬೇಕು.