ಕಬ್ಬಿನ ಲೋಡಿಗೆ ರ್‍ಯಾಚೆಟ್ ಬೆಲ್ಟ್: ನನ್ನ ಅನುಭವ

ಗಾಡಿಗೆ ತುಂಬಿದ ಕಬ್ಬಿಗೆ ಹಗ್ಗದ ಬದಲು ರ್‍ಯಾಚೆಟ್ ಬೆಲ್ಟ್ (ಹಲ್ಲುಚಕ್ರದ ಹ್ಯಾಂಡಲ್ ಆಡಿಸಿ ಬಿಗಿಯೋ ಪಟ್ಟಿ) ಹಾಕ್ತೀನಿ ಅಂದಾಗ ನಮ್ಮ ಲೋಡಿಂಗ್ ಮೇಸ್ತ್ರಿ ನಕ್ಕಿದ್ದ. “ಅಣ್ಣೋ, ಕಬ್ಬು ತುಂಬ್ತಿದ್ದೀಯೋ, ಫ್ರಿಜ್ ಸಾಗಿಸ್ತಿದ್ದೀಯೋ?” ಈಗ ಬೇರೆ ಗಾಡಿಯವರಿಗೆ ನನ್ನ ನಂಬರ್ ಕೊಡೋನು ಅವನೇ. ಮಂಡ್ಯ ಕಡೆಯ ಇಂಡುವಾಳಿನ ಹತ್ರ ಹಂಪ್ ಎಗರಿದ್ರೂ ನನ್ನ ಗಾಡಿಯಿಂದ ಜಲ್ಲೆ ಬೀಳಲ್ಲ.

ಹಗ್ಗದ ಹಣೆಬರಹ ನಿಮಗೂ ಗೊತ್ತು. ಗದ್ದೇಲಿ ಎಷ್ಟೇ ಜಗ್ಗಿ ಕಟ್ಟಿ, ನಾಲೆ ಏರಿ ದಾಟೋಷ್ಟರಲ್ಲಿ ಲೋಡ್ ಕೂತು ಹಗ್ಗ ಜೋತು ಬಿದ್ದಿರುತ್ತೆ. ಬಿಚ್ಚಿ ಮತ್ತೆ ಕಟ್ಟೋರ್‍ಯಾರು? ತರಗು ಸುಲಿದ ಜಲ್ಲೆ ನಾಲ್ಕು ಜಾರಿದ್ರೆ ಹಿಂದಿನ ಬೈಕಿನವನು ನೆಲಕ್ಕೆ. 2023ರ ಆಗಸ್ಟಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲವಲ್ಲ, ಅವೆಲ್ಲ ಸರ್ವೀಸ್ ರೋಡಲ್ಲಿ ನಮ್ಮ ಬೆನ್ನಿಗೇ ಇರ್ತವೆ.

ಮೊದಲು ತಂದದ್ದು ಸಣ್ಣ ಬೆಲ್ಟ್, ಎರಡೂವರೆ ಸಾವಿರ ಚಿಲ್ಲರೆ ಹೋಯ್ತು. ಬಾಡಿ ಅಂಚಿಗೆ ಉಜ್ಜಿ ಒಂದೊಂದೇ ಹರಿದವು. ಆಮೇಲೆ 50 ಎಂಎಂ ಅಗಲದ್ದು ತಂದೆ, ಒಂದಕ್ಕೆ ಏಳೆಂಟು ನೂರು ಇರಬೇಕು. ಬೆಲ್ಟ್ ನಿಂತಿತು, ಸೈಡ್ ಹಲಗೆಯ ಕೊಂಡಿ ಹೇರ್‌ಪಿನ್ ಥರ ಬಿಚ್ಕೊಳ್ತು. ಕೊನೆಗೆ ಬಾಡಿ ಕೆಳಗಿನ ಅಡ್ಡ ಚಾನೆಲ್‌ಗೆ ದಪ್ಪ ಕಂಬಿಯ ರಿಂಗ್ ವೆಲ್ಡ್ ಮಾಡಿಸಿದೆ, ನಾಲ್ಕೂವರೆ ಸಾವಿರ ಆಯ್ತು. ಗಾಡಿಯ ಮೂಲ ಚೌಕಟ್ಟಿಗೆ, ಅಂದ್ರೆ ಚಾಸಿಸ್‌ಗೆ, ವೆಲ್ಡಿಂಗ್ ಮುಟ್ಟಿಸಬೇಡಿ, ವೆಲ್ಡ್ ಆದ ಜಾಗದಲ್ಲೇ ಬಿರುಕು ಬಿಡುತ್ತೆ. ಬೆಲ್ಟ್ ಉಜ್ಜದ ಹಾಗೆ ಬಾಡಿ ಅಂಚಿಗೆ ಹಳೇ ಟೈರ್ ಒಳಗಿನ ರಬ್ಬರ್ ಪಟ್ಟಿ (ಫ್ಲ್ಯಾಪ್) ಕತ್ತರಿಸಿ ಕೊಟ್ಟೆ. ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಮೂಲೆಗಿಂತ ಅದೇ ವಾಸಿ. ಸಕ್ಕರೆ ಕಾರ್ಖಾನೆ ಯಾರ್ಡಲ್ಲಿ ರಾತ್ರಿ ಕ್ಯೂ ನಿಂತಾಗ ಎರಡು ರ್‍ಯಾಚೆಟ್ ಮಾಯ ಆದವು, ಆ ಲೆಕ್ಕ ಬೇರೆ.

ಅಸಲಿ ಕೆಲಸ ಗದ್ದೇಲಿಲ್ಲ. ಮಣ್ಣು ದಾರಿ ಮುಗಿದು ಟಾರು ಸಿಗೋ ಕಡೆ ಗಾಡಿ ನಿಲ್ಸಿ, ಒಂದೊಂದಕ್ಕೂ ಹ್ಯಾಂಡಲ್ ಆಡಿಸಿ. ಮೂರ್ನಾಲ್ಕು ಹಲ್ಲು ಸಲೀಸಾಗಿ ತಗೊಳ್ಳುತ್ತೆ, ಅಷ್ಟು ಸಡಿಲ ಆಗಿರುತ್ತೆ. ಐದು ನಿಮಿಷದ ಕೆಲಸ. ಬೆಲ್ಟ್‌ಗೂ ರ್‍ಯಾಚೆಟ್‌ಗೂ ಸೇರಿಸಿ ಬಿಳಿ ಪೇಂಟಿನ ಗೆರೆ ಎಳೆದಿದ್ದೀನಿ, ಜಾರಿದ್ರೆ ಗೆರೆ ಕವಲೊಡೆಯುತ್ತೆ. ಗಾಡಿ ಹಿಂಭಾಗಕ್ಕೆ ಕತ್ತರಿ ಆಕಾರದಲ್ಲಿ ಒಂದರ ಮೇಲೊಂದು ಎರಡು ಬೆಲ್ಟ್. ಅದರಲ್ಲಿ ಯಾವುದನ್ನ ಮೊದಲು ಬಿಗೀಬೇಕು ಅನ್ನೋದು ನನ್ನ ಹತ್ರಾನೇ ಇರಲಿ.

ಮಧ್ಯೆ ಹಸಿರು ನೆಟ್ಟನ್ನೂ ಹೊದಿಸಿ ನೋಡಿದೆ. ಯಾರ್ಡಿನ ಕ್ರೇನ್ ಕೊಕ್ಕೆಗೆ ಸಿಕ್ಕಿ ಎಲ್ಲರ ಕೈಲೂ ಬೈಸ್ಕೊಂಡೆ. ಅದೀಗ ಮನೇಲಿ ಕೋಳಿಗೂಡಿಗೆ.

ಲೇಬಲ್ ಮೇಲೆ 5 ಟನ್ ಅಂತಿದ್ರೆ ಮೆರೀಬೇಡಿ. ಎಷ್ಟೋ ಬೆಲ್ಟಲ್ಲಿ ಅದು ಬೆಲ್ಟ್ ಕಿತ್ತುಹೋಗೋ ಭಾರದ ಲೆಕ್ಕ, ನೆಚ್ಚೋದು ಅದಕ್ಕಿಂತ ಬಹಳ ಕಮ್ಮಿ. ಬೆಲ್ಟ್ ಇದೆ ಅಂತ ಬಾಡಿ ಆಚೆ ಚಾಚಿ ತುಂಬಿದ್ರೂ ಕಾನೂನು ಕೇಳಲ್ಲ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ದಂಡ 20,000 ರೂಪಾಯಿ. ನಾನು ಈ ಪ್ರಯೋಗಕ್ಕೆಲ್ಲ ಸುರಿದದ್ದು ಹದಿಮೂರು ಹದಿನಾಲ್ಕು ಸಾವಿರ. ಅಂಚಿನ ದಾರ ಎದ್ದ ಬೆಲ್ಟ್‌ಗಳನ್ನ ದೀಪಾವಳಿಗೆ ಮುಂಚೆ ಬದಲಾಯಿಸಬೇಕು. ಈ ಸಲ ಒಟ್ಟಿಗೆ ತಗೊಳ್ಳೋಕೆ ಪಾಂಡವಪುರದ ಕಡೆಯವರು ಇಬ್ಬರು ಬಂದಿದ್ದಾರೆ, ಚೌಕಾಸಿ ನಡೀತಿದೆ.