ಅಧ್ಯಯನಕ್ಕೆ ಸೇರುವ ಮುನ್ನ ಸಮ್ಮತಿ ಪತ್ರವನ್ನು ಪರಿಶೀಲಿಸುವ ಬಗೆ

ಪಿಸಿಒಎಸ್ (ಮಹಿಳೆಯರ ಅಂಡಾಶಯ ಹಾಗೂ ಹಾರ್ಮೋನಿಗೆ ಸಂಬಂಧಿಸಿದ ತೊಂದರೆ) ಅಥವಾ ನೆಫ್ರಾಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಮೂತ್ರಪಿಂಡದ ತೊಂದರೆ) ಕುರಿತ ಔಷಧ ಪ್ರಯೋಗಕ್ಕೆ ಸೇರುವಂತೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನಿಮ್ಮನ್ನು ಕೇಳಿದರೆ, ಮೊದಲು ಅದರ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ದಾಖಲೆ) ಸಂಖ್ಯೆಯನ್ನು ಬರೆದುಕೊಳ್ಳಿ. 2007ರಲ್ಲಿ ಆರಂಭವಾದ ಈ ರಾಷ್ಟ್ರೀಯ ದಾಖಲೆಯಲ್ಲಿ ಪ್ರಾಯೋಜಕರು ಯಾರು, ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ಭಾಗವಹಿಸುವವರ ಸುರಕ್ಷತೆ, ಹಕ್ಕುಗಳನ್ನು ಕಾಯುವ ನೀತಿ ಸಮಿತಿ ಒಪ್ಪಿಗೆ ನೀಡಿದೆಯೇ ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಬಳಿಕ ಸೇರ್ಪಡೆಯ ಮಾನದಂಡಗಳನ್ನು ನಿಧಾನವಾಗಿ ಓದಿ; ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಭಾಗ. ಉದಾಹರಣೆಗೆ, ಪಿಸಿಒಎಸ್ ಅನ್ನು ಗುರುತಿಸಲು ವೈದ್ಯರು ಬಳಸುವ 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ, ಅಂಡೋತ್ಪತ್ತಿಯ ಏರುಪೇರು, ಪುರುಷ ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಹಲವು ಸಣ್ಣ ನೀರುಗುಳ್ಳೆಗಳಿರುವ ಅಂಡಾಶಯ ಎಂಬ ಮೂರರಲ್ಲಿ ಎರಡಿದ್ದರೆ ಸಾಕು, ಆದರೆ ಇಂಥವೇ ಲಕ್ಷಣಗಳಿರುವ ಬೇರೆ ಕಾಯಿಲೆಗಳು ಇಲ್ಲವೆಂದು ಖಚಿತವಾಗಿರಬೇಕು. ಹೀಗಾಗಿ ಸ್ಕ್ಯಾನಿಂಗ್ ವರದಿಯೊಂದನ್ನೇ ನೋಡಿ ಸೇರಿಸಿಕೊಳ್ಳುತ್ತಿದ್ದರೆ ಕಾರಣ ಕೇಳಿ.

ಸಮ್ಮತಿ ಪತ್ರವನ್ನು ಕನ್ನಡದಲ್ಲೋ, ಗಡಿಭಾಗದ ಅನೇಕರಿಗೆ ಸಲೀಸಾದ ಮರಾಠಿಯಲ್ಲೋ ಕೇಳಿ ಪಡೆಯಿರಿ, ಸಹಿಗೆ ಅವಸರ ಬೇಡ. ಓದಲು ಬಾರದ ಹಿರಿಯರು ಹೆಬ್ಬೆಟ್ಟು ಒತ್ತುವುದಾದರೆ, ವಿವರಣೆ ಆರಂಭವಾದಾಗಿನಿಂದ ಕೊನೆಯವರೆಗೂ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಅಲ್ಲೇ ಕುಳಿತಿದ್ದು ತಾವೂ ಸಹಿ ಹಾಕಬೇಕು. ಪ್ಲಾಸಿಬೊ (ಔಷಧದ ಅಂಶವಿಲ್ಲದ ತೋರಿಕೆಯ ಮಾತ್ರೆ) ಪಡೆಯುವ ಗುಂಪು ಇದೆಯೇ, ಈಗಿನ ಮಾತ್ರೆಗಳನ್ನು ನಿಲ್ಲಿಸಬೇಕೇ ಎಂದೂ ವಿಚಾರಿಸಿ. ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ನಿಮ್ಮ ಮಾಮೂಲು ಚಿಕಿತ್ಸೆಗೆ ಅಡ್ಡಿಯಾಗಕೂಡದು. ಪ್ರಯೋಗದಿಂದಲೇ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲಿ ಅವಕಾಶವಿದೆ. ಸಹಿಯಾದ ಪ್ರತಿಯನ್ನೂ ನೀತಿ ಸಮಿತಿಯ ದೂರವಾಣಿ ಸಂಖ್ಯೆಯನ್ನೂ ಪಡೆದೇ ಮನೆಗೆ ಹೊರಡಿ.