ಹದಿಹರೆಯದವರ ಸೊಂಟದ ಕೀಲುನೋವು: ಕಾರಣ ಮತ್ತು ಚಿಕಿತ್ಸೆ

ಮಗು ಸೊಂಟ ನೋಯುತ್ತಿದೆ ಎಂದಾಗ, ನೋವಿರುವ ಜಾಗವನ್ನು ಬೆರಳಿಟ್ಟು ತೋರಿಸಲು ಮೊದಲು ಹೇಳಿ. ಕೀಲಿನಿಂದಲೇ ಹುಟ್ಟುವ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ. ಕೆಲವೊಮ್ಮೆ ಮಂಡಿಯಲ್ಲಷ್ಟೇ ಇರುತ್ತದೆ. ಆದ್ದರಿಂದ ಮಂಡಿನೋವೆಂದು ಬರುವ ಮಕ್ಕಳ ಸೊಂಟವನ್ನೂ ಪರೀಕ್ಷಿಸಲೇಬೇಕು.

ಓಟ, ಫುಟ್‌ಬಾಲ್, ನೃತ್ಯದಲ್ಲಿ ತೊಡಗಿದವರಲ್ಲಿ ಸ್ನಾಯುಸೆಳೆತ ಅಥವಾ ಸ್ನಾಯು ಅಂಟಿಕೊಂಡಿರುವ, ಇನ್ನೂ ಬೆಳೆಯುತ್ತಿರುವ ಮೂಳೆಯಂಚಿನ ಉರಿಯೂತ ಸಾಮಾನ್ಯ. ನೋವು ತರುವ ಆಟವನ್ನು ಕೆಲವು ವಾರ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು, ನೋವು ತಗ್ಗಿದ ಮೇಲೆ ಫಿಸಿಯೋಥೆರಪಿಸ್ಟ್ ಸಲಹೆಯಂತೆ ವ್ಯಾಯಾಮ ಆರಂಭಿಸಿ. ಓಡುವಾಗ 'ಟಪ್' ಎಂದ ಅನುಭವದೊಂದಿಗೆ ನೋವು ಥಟ್ಟನೆ ಬಂದಿದ್ದರೆ, ಸ್ನಾಯು ಮೂಳೆಯ ಚೂರನ್ನೇ ಕಿತ್ತಿರಬಹುದು, ಎಕ್ಸ್-ರೇ ಮಾಡಿಸಿ.

ನನಗೆ ಹೆಚ್ಚು ಆತಂಕ ತರುವುದು ತೊಡೆಮೂಳೆಯ ತಲೆಭಾಗವು ಬೆಳವಣಿಗೆಯ ಪದರದಲ್ಲಿ (ಮಕ್ಕಳ ಮೂಳೆ ಉದ್ದವಾಗುವ ಮೃದು ಭಾಗದಲ್ಲಿ) ಜಾರುವ ಸ್ಥಿತಿ. ಬಹುಪಾಲು 10ರಿಂದ 16 ವರ್ಷದವರಲ್ಲಿ, ವಿಶೇಷವಾಗಿ ತೂಕ ಹೆಚ್ಚಿದ್ದವರಲ್ಲಿ ಇದು ಬರುತ್ತದೆ. ಮಗು ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ. ಅನುಮಾನ ಬಂದ ಕ್ಷಣದಿಂದ ಆ ಕಾಲಿನ ಮೇಲೆ ಭಾರ ಹಾಕಲು ಬಿಡದೆ, ಗಾಲಿಕುರ್ಚಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡೂ ಬದಿಯ ಸೊಂಟದ ಕೀಲುಗಳ ಎಕ್ಸ್-ರೇಯನ್ನು ಮುಂದಿನಿಂದಲೂ ಪಕ್ಕದಿಂದಲೂ ತೆಗೆಸಬೇಕು, ಏಕೆಂದರೆ ಸಣ್ಣ ಜಾರುವಿಕೆ ಒಂದೇ ಚಿತ್ರದಲ್ಲಿ ಕಾಣದೇ ಹೋಗಬಹುದು. ಮೂಳೆ ಇನ್ನಷ್ಟು ಜಾರದಂತೆ ಶಸ್ತ್ರಚಿಕಿತ್ಸೆಯಿಂದ ಸ್ಕ್ರೂ ಹಾಕಿ ಭದ್ರಪಡಿಸುತ್ತಾರೆ. ವಿಳಂಬವಾದರೆ ಕೀಲು ಶಾಶ್ವತವಾಗಿ ಹಾಳಾಗಬಹುದು.

ಜ್ವರದೊಂದಿಗೆ ನೋವಿದ್ದು ಕಾಲೂರಲು ಆಗದಿದ್ದರೆ ಕೀಲಿನಲ್ಲಿ ಸೋಂಕಿರಬಹುದು. ಅದೇ ದಿನ ತುರ್ತು ಚಿಕಿತ್ಸೆ ಕೊಡಿಸಿ. ನಿದ್ದೆಯಿಂದ ಎಬ್ಬಿಸುವ ರಾತ್ರಿನೋವನ್ನೂ, ಕಾರಣವಿಲ್ಲದೆ ತೂಕ ಇಳಿಯುವುದನ್ನೂ ತಡಮಾಡದೆ ವೈದ್ಯರಿಗೆ ತಿಳಿಸಿ.